ಗಾಳಿಗೆ ಕೊಟ್ಟ ಶ್ರೇಯ

ಮಾರ್ಚ್ 8, ಶನಿವಾರ

ಗಿಡಗಳಿಗೆ ನೀರು. ಎರಡು ಟೋಸ್ಟು. ಗೇಟಿನ ಬಳಿ ಸೇಬಿನ ಪೆಟ್ಟಿಗೆ ಇಂದೂ ಇಲ್ಲ.

ಮೂವತ್ತೊಂದು ವರ್ಷದಿಂದ ಮಾರ್ಚ್ ಮೊದಲ ವಾರ ತಪ್ಪಿದ್ದಿಲ್ಲ. ಪಕ್ಕದ ತೋಟದ ನೆವೆಂಕಾ ಸದ್ದಿಲ್ಲದೆ ಇಟ್ಟುಹೋಗುತ್ತಾಳೆ. ಮೇಲೊಂದು ಚೀಟಿ— "ಡೆಸ್, ಹುಳ ಇದ್ದರೆ ಅದು ಉಚಿತ." ಮರೆತಿರಬೇಕು. ಎಪ್ಪತ್ತೆರಡಾಯಿತಲ್ಲ.

ನಮ್ಮೂರ ಚರಿತ್ರೆ, ನನ್ನ ‘ವಾಂಡೂ ಬ್ರೂಕ್: ನೂರು ವರ್ಷ’ ಪುಸ್ತಕ, ಅಂಗಡಿಯಲ್ಲಿ ಬ್ರೆಡ್ಡಿನ ಪಕ್ಕ ಮಾರಾಟವಾಗುತ್ತಿದೆ. ಬ್ರೆಡ್ಡಿಗಿಂತ ಬಿಸಿಬಿಸಿ. ಅಂಗಡಿಯ ಗ್ವೆನ್, ಊರ ಸಂಘದ ಅಧ್ಯಕ್ಷೆಯೂ ಅವಳೇ, ಕೈ ಹಿಡಿದು ನಿಲ್ಲಿಸಿದಳು.

"ಏನ್ ಬರ್ದಿದ್ದೀಯೋ ಮಾರಾಯ! ನಲವತ್ತೊಂದನೇ ಪುಟ ಓದಿ ನನ್ನ ಗಂಡ ಟೀ ಉಗುಳ್ಬಿಟ್ಟ!"

ಹಿಗ್ಗಿದೆ. ಮೊದಲ ಸಾಲೇ ಚೆನ್ನಾಗಿತ್ತಲ್ಲ— "ಹಳ್ಳಿಯೂ ಅಲ್ಲ, ನಗರವೂ ಅಲ್ಲ, ಇಲ್ಲಿ ನೊಣದ ಕಾಟಕ್ಕೆ ಕುದುರೆಗಳಿಗೆ ಮುಸುಕು, ಸೆಖೆಯ ಕಾಟಕ್ಕೆ ಗಂಡಸರಿಗೆ ಚಡ್ಡಿ."

ಮಾರ್ಚ್ 9

ನಲವತ್ತೊಂದನೇ ಪುಟ ಮತ್ತೆ ಓದಿದೆ. ಅರವತ್ತೆರಡರ ಕಾಳ್ಗಿಚ್ಚು. "ಆ ವರ್ಷ ಸೇಬಿನ ಬೆಲೆ ಬಿತ್ತು, ಸ್ಟೀಪೆಯ ಷೆಡ್ಡಿನಲ್ಲಿ ಬೆಂಕಿ ಎದ್ದಿತು. ವಿಮೆ ಮಾತ್ರ ಸುಡಲಿಲ್ಲ."

ಸ್ಟೀಪೆ ಅಂದರೆ ನೆವೆಂಕಾಳ ಅಪ್ಪ.

ವಿಮೆ ಹಣಕ್ಕೆ ಅವನೇ ಬೆಂಕಿ ಇಟ್ಟ ಅನ್ನೋದು ಪಬ್ಬಿನ ಅರವತ್ತು ವರ್ಷದ ಹಳೇ ಜೋಕು. ನಾನು ಪಾಲಿಶ್ ಹಾಕಿದೆ, ಅಷ್ಟೇ... ಅಷ್ಟೇ?

ಮಾರ್ಚ್ 13, ಸಂಜೆ

ಹೋದೆ. ನೆವೆಂಕಾ ಏಣಿಯ ಮೇಲಿದ್ದಳು. ಇಳಿಯಲಿಲ್ಲ.

"ಪೆಟ್ಟಿಗೆ ಹುಡ್ಕೊಂಡು ಬಂದ್ಯಾ?"

"ತಮಾಷೆಗೆ ಬರೆದದ್ದು, ನೆವೆಂಕಾ."

"ಗೊತ್ತು. ನೀನು ಪಬ್ಬಲ್ಲಿ ಎಲ್ಲರನ್ನೂ ಕೇಳ್ದೆ. ನನ್ನ ಅಡುಗೆಮನೇಲಿ ಮೂವತ್ತೊಂದು ವರ್ಷ ಕಾಫಿ ಕುಡ್ದೆ. ನನ್ನೊಬ್ಬಳನ್ನ ಕೇಳ್ಲಿಲ್ಲ."

ಏಣಿ ಹಿಡಿದುಕೊಂಡೆ. ಏನಾದರೂ ಹಿಡಿಯಬೇಕಿತ್ತು.

"ನಮ್ಹತ್ರ ಇದ್ದಿದ್ದು ಮರಕ್ಕೆ ಔಷಧಿ ಹೊಡಿಯೋ ಗಾಡಿ ಒಂದೇ. ಒಂದ್ ಟ್ಯಾಂಕ್ ನೀರು. ಈ ಕಡೆ ನಮ್ಮ ಷೆಡ್ಡು, ಒಳಗೆ ವರ್ಷದ ಬೆಳೆ. ಆ ಕಡೆ ವಿಧವೆ ಹಾಬ್ಸ್ ಮನೆ, ಒಳಗೆ ಅವಳು, ಅವಳ ಕೂಸು. ನಾನು ಟ್ರ್ಯಾಕ್ಟರ್ ಮೇಲಿದ್ದೆ, ಆಗ ನಂಗೆ ಒಂಬತ್ತು ವರ್ಷ. ಅಪ್ಪ ಷೆಡ್ ಕಡೆ ತಿರುಗೂ ನೋಡ್ಲಿಲ್ಲ."

"ಮತ್ತೆ... ವಿಮೆ?"

"ಎಲ್ಲಿಂದ ಬರ್ಬೇಕು ಡೆಸ್? ಹಂಗಂದ್ರೇನು ಅಂತ ಇಂಗ್ಲಿಷಲ್ಲಿ ಕೇಳೋಕೂ ಬರ್ತಿರ್ಲಿಲ್ಲ ಅವನಿಗೆ. ಹಾಬ್ಸ್ ಅದೇ ವರ್ಷ ಊರು ಬಿಟ್ಲು. ಇನ್ಯಾರು ಹೇಳ್ಬೇಕು?"

ವಿಧವೆ ಹಾಬ್ಸಳ ಮನೆ. ನಾನೀಗ ಕೂತು ಇದನ್ನು ಬರೆಯುತ್ತಿರುವ ಮನೆ.

ಮಾರ್ಚ್ 14

ನಲವತ್ತಮೂರನೇ ಪುಟ, ನನ್ನದೇ ಅಕ್ಷರ— "ಕೊನೇ ಗಳಿಗೆಯಲ್ಲಿ ಗಾಳಿ ದಿಕ್ಕು ಬದಲಿಸಿತು, ಊರಿನ ಅತಿ ಹಳೆಯ ಮನೆ ಉಳಿಯಿತು." ಆಧಾರ: ನನಗೆ ಮನೆ ಮಾರಿದ ದಲ್ಲಾಳಿ.

ಜಗಲಿಯ ಕಂಬ ಸೊಂಟದೆತ್ತರಕ್ಕೆ ಸುಟ್ಟಿದೆ, ಅಲ್ಲಿಂದ ಮೇಲೆ ಶುಭ್ರ. ಬಂದವರಿಗೆಲ್ಲ ತೋರಿಸುತ್ತಿದ್ದೆ. ನೀರು ಹೊಡೆದ ಕೈ ಯಾರದೆಂದು ಮಾತ್ರ ಒಮ್ಮೆಯೂ ಯೋಚಿಸಲಿಲ್ಲ.

ಮಾರ್ಚ್ 20

ಗ್ವೆನ್‌ಗೆ ಹೇಳಿದೆ— ಪುಟ ಕೀಳೋಣ, ತಿದ್ದುಪಡಿ ಅಂಟಿಸೋಣ.

"ಹುಚ್ಚಾ ನಿಂಗೆ? ಪುಸ್ತಕದಲ್ಲಿ ಜನ ಓದೋದೇ ಆ ಪುಟ. ಬೇಕಿದ್ರೆ ಶತಮಾನೋತ್ಸವದ ದಿನ ಮೈಕಲ್ಲಿ ಹೇಳ್ಕೋ."

ನೆವೆಂಕಾಳ ಬಾಗಿಲಿಗೆ ಚೀಟಿ ಸಿಕ್ಕಿಸಿ ಬಂದೆ: "29ಕ್ಕೆ ಹಾಲ್‌ನಲ್ಲಿ ಎಲ್ಲರೆದುರು ಸರಿಪಡಿಸುತ್ತೇನೆ. ಬಾ."

ಮಾರ್ಚ್ 29, ರಾತ್ರಿ

ಬಂದಿದ್ದಳು. ಬಾಗಿಲ ಹತ್ತಿರ, ನೀಲಿ ಕೋಟು. ಅಪ್ಪನ ಫೋಟೋ ಮಡಿಲಲ್ಲಿ.

ಎದ್ದು ನಿಂತೆ. "ನನ್ನ ಮನೆ ಉಳಿಸಿದ್ದು ಗಾಳಿಯಲ್ಲ. ಸ್ಟೀಪೆ."

ನಗು.

"ನಿಜವಾಗ್ಲೂ ಹೇಳ್ತಿದ್ದೀನಿ—"

ಇನ್ನೂ ಜೋರು ನಗು. ಯಾರೋ ಕೂಗಿದರು: "ವಿಮೆ ಕಥೆ ಹೇಳೋ, ಡೆಸ್!" ಗ್ವೆನ್ ಚಪ್ಪಾಳೆ ಹೊಡೆದಳು. ಮೂವತ್ತೊಂದು ವರ್ಷ ನಾನು ಬಾಯಿ ತೆರೆದಾಗಲೆಲ್ಲ ನಕ್ಕ ಜನ. ನಾನೇ ಅಭ್ಯಾಸ ಮಾಡಿಸಿದ್ದು. ಮುಂದೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಅವಳು ಸಿಟ್ಟಾಗಲಿಲ್ಲ. ಆಲಿಕಲ್ಲು ಬಿದ್ದ ಹಣ್ಣನ್ನು ನೋಡುವ ಹಾಗೆ ನೋಡಿ, ಫೋಟೋವನ್ನು ಕೋಟಿನೊಳಗಿಟ್ಟುಕೊಂಡು ಎದ್ದುಹೋದಳು.

ಮಾರ್ಚ್ 30

ಅವಳಿಗೆ ಕಾಗದ ಬರೆಯಲು ಕೂತೆ. ಮೂರು ಸಾಲು ನೆಟ್ಟಗೆ ಬಂತು. ನಾಲ್ಕನೆಯದರಲ್ಲಿ ಜೋಕೊಂದು ನುಸುಳಿತು. ಹರಿದೆ. ಇನ್ನೊಂದು. ಅದೂ ಹಾಗೇ. ಈ ಕೈಗೆ ಬೇರೆ ಏನೂ ಬಾರದೇನೋ.

ಆಚೆ ಅವಳ ಏಣಿ ಮರಕ್ಕೆ ಒರಗಿದ ಸದ್ದು. ಬೇಗ ಎದ್ದಿದ್ದಾಳೆ.

ಕಾಗದ ಬೇಡ. ಹೋಗಿ ಏಣಿ ಹಿಡಿದು ನಿಲ್ಲುತ್ತೇನೆ. ನಿಮ್ಮಪ್ಪನ ಬಗ್ಗೆ ಹೇಳು ಅನ್ನುತ್ತೇನೆ. ಅಷ್ಟೇ ಅನ್ನುತ್ತೇನೆ. ಅವಳು ಹೇಳುವವರೆಗೂ, ಹೇಳದೇ ಹೋದರೂ, ಬಾಯಿ ಮುಚ್ಚಿಕೊಂಡು ಏಣಿ ಹಿಡಿದಿರುತ್ತೇನೆ.