ಮುಯ್ಯಿಗೆ ಬರೆಸಿದ ಮಗಳು

ಹೊಂಗೆಕೊಪ್ಪಲು,
ಕೆ.ಆರ್. ಪೇಟೆ ತಾಲ್ಲೂಕು.
೧೦-೧೧-೧೯೯೭, ಸೋಮವಾರ

ದೊಡ್ಡವ್ವನಿಗೆ ಶ್ವೇತ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಅಪ್ಪು ಕ್ಷೇಮ, ಎಮ್ಮೆ ಕ್ಷೇಮ. ಉಳಿದವರ ವಿಷಯ ಮುಂದೆ ಬರೆಯುತ್ತೇನೆ. ನೀನು ಕಳಿಸಿದ ತೆಂಗಿನಕಾಯಿ, ಹಸಿರು ಸೀರೆ ಬಂದು ತಿಂಗಳ ಮೇಲಾಯಿತು. ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೊ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಬರೆಯಲು ಕೂತಾಗಲೆಲ್ಲ "ದೊಡ್ಡವ್ವನಿಗೆ" ಎನ್ನುವಲ್ಲಿಗೇ ಪೆನ್ನು ನಿಂತುಬಿಡುತ್ತಿತ್ತು.

ಇದನ್ನು ಅಂಚೆಗೆ ಹಾಕುತ್ತಿಲ್ಲ. ವೀಳ್ಯದೆಲೆ ಬೆಟ್ಟಮ್ಮ ನಾಗಮಂಗಲದ ಸಂತೆಗೆ ಬರುತ್ತಾಳಲ್ಲ, ಅವಳ ಕುಕ್ಕೆಯಲ್ಲಿ ಎಲೆಕಟ್ಟಿನ ಕೆಳಗೆ ಬರುತ್ತದೆ. ದೇವರಾಜಣ್ಣನ ಕೈಲಿ ಓದಿಸಬೇಡ. ನೀನು ಏಳನೇ ಕ್ಲಾಸು ಓದಿದ್ದು ಇದಕ್ಕಾದರೂ ಬರಲಿ. ನಿಧಾನವಾಗಿ ಓದಿಕೊಂಡು ಒಲೆಗೆ ಹಾಕು.

ಮೊದಲು ಒಳ್ಳೆಯ ಸುದ್ದಿ. ನನಗೆ ಟಿ.ಸಿ.ಎಚ್. ಸೀಟು ಸಿಕ್ಕಿದೆ. ಬರುವ ಸೋಮವಾರ ಶ್ರೀರಂಗಪಟ್ಟಣಕ್ಕೆ ಹೋಗುತ್ತೇನೆ, ಅಲ್ಲೇ ಹಾಸ್ಟೆಲು. ಎರಡು ವರ್ಷ ಕಳೆದರೆ ನಾನೂ ಮೇಡಮ್ಮು. ಎಣಿಕೆ ದಳದ ಹುಡುಗಿಯರಿಗೆ ಮೀಸಲಿಟ್ಟ ಸೀಟು ಅದು. ನಿನಗೆ ದಳ ಎಂದರೆ ಆಗುವುದಿಲ್ಲ, ಗೊತ್ತು. ಜಡೆಗೆ ಹಸಿರು ಟೇಪು ಕಟ್ಟಿಕೊಂಡು ಕಂಡವರ ಮನೆ ಬಸುರಿಯರನ್ನು ಎಣಿಸುವ ಹುಡುಗಿಯರನ್ನು ಕಂಡರೆ ಯಾರಿಗೆ ತಾನೆ ಆಗುತ್ತದೆ? ಆದರೆ ಪಿ.ಯು.ಸಿ. ಮುಗಿಸಿದ ಹಳ್ಳಿ ಹುಡುಗಿಗೆ ಮುಂದೆ ಹೋಗಲು ಇದ್ದದ್ದು ಅದೊಂದೇ ದಾರಿ. ನಾನು ಆ ದಾರಿಯಲ್ಲಿ ತಲೆ ಎತ್ತಿಕೊಂಡೇ ನಡೆದೆ ಎನ್ನುವುದನ್ನೂ ಹೇಳಿಬಿಡಬೇಕು.

ನಮ್ಮೂರ ಕರಿಯಯ್ಯನ ಮನೆಯ ಮೂರನೇ ಕೂಸನ್ನು ಹಿಡಿದುಕೊಟ್ಟದ್ದು ನಾನೇ. ಅವರ ಮನೆಯ ಬಾಗಿಲು ಹಾಕಿತ್ತು, ಹೆಂಚಿನ ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ಕೂಸಿಗೆ ನೀರು ಹಾಕಿದ ಮೇಲೆ ಹಿಡಿಯುವ ಸಾಂಬ್ರಾಣಿ ಬಾಗಿಲು ಹಾಕಿದ ಮನೆಯಲ್ಲಿ ಯಾಕೆ ಎಂದು ನನ್ನ ಜಾಣತನ ಕೇಳಿತು. ಕೂಸನ್ನು ಹೆಚ್ಚುವರಿ ಮಕ್ಕಳ ಆಶ್ರಮದ ಜೀಪಿಗೆ ಹಾಕಿಕೊಂಡು ಹೋದರು. ಕರಿಯಯ್ಯನ ರೇಷನ್ನೂ ಹೋಯಿತು, ಕಬ್ಬಿನ ಪರ್ಮಿಟ್ಟೂ ಹೋಯಿತು. ಪೇಟೆಯಲ್ಲಿ ನನ್ನನ್ನು ಸ್ಟೇಜಿಗೆ ಹತ್ತಿಸಿ ಚಪ್ಪಾಳೆ ತಟ್ಟಿಸಿದರು. ಮನೆಗೆ ಬಂದರೆ ಅವ್ವ ತಟ್ಟೆಗೆ ಮುದ್ದೆ ಹಾಕಿ, ನನ್ನ ಮುಖ ನೋಡದೆ ಹೇಳಿದಳು.

"ನೀನೂ ಒಂದ್ ಮನೇಲಿ ಮೂರ್ನೇದು ಕಣವ್ವ. ಮರ್ತ್ಬುಡ್ಬ್ಯಾಡ."

ಮರೆತಿರಲಿಲ್ಲ ದೊಡ್ಡವ್ವ. ತಿಳಿವಳಿಕೆ ಬಂದಾಗಿನಿಂದ ನನಗೆ ಗೊತ್ತು. ಕಾರ್ಡಿಗೆ ಎರಡೇ ಮಕ್ಕಳು ಎನ್ನುವ ಎಣಿಕೆ ಕಾಯ್ದೆ ಬಂದ ವರ್ಷ ನಾನು ನಿನ್ನ ಹೊಟ್ಟೆಯಲ್ಲಿದ್ದೆ. ನಿನ್ನ ಕಾರ್ಡಿನಲ್ಲಿ ಆಗಲೇ ದೇವರಾಜಣ್ಣ, ಚೈತ್ರಕ್ಕ ಇಬ್ಬರೂ ಇದ್ದರು. ನಿನ್ನ ತಂಗಿ ಮದುವೆಯಾಗಿ ವರ್ಷ ತುಂಬಿತ್ತಷ್ಟೆ, ಅವಳ ಕಾರ್ಡು ಖಾಲಿ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಒಬ್ಬರು ಮುಯ್ಯಾಳು ಹೋಗುತ್ತೇವಲ್ಲ, ಇವತ್ತು ನಾನು ನಿನಗೆ, ನಾಳೆ ನೀನು ನನಗೆ ಎಂದು, ಹಾಗೆಯೇ ನೀನು ಅವಳನ್ನು ಕೇಳಿದೆಯಂತೆ. "ನಿನ್ ಪಾಲಿನ ಎರಡ್ರಲ್ಲಿ ಒಂದ್ನ ನಂಗೆ ಕೊಡು ಪುಟ್ತಾಯಿ. ಈ ಕೂಸ್ನ ನಿನ್ ಕಾರ್ಡ್ಗೆ ಬರುಸ್ಕೊ. ಮುಯ್ಯಿ ಅನ್ಕೊ, ನಿಂಗೆ ಬೇಕಾದ ದಿನ ನಾನು ಕೊಟ್ಟೇ ಕೊಡ್ತೀನಿ." ಅವಳು ಹೂಂ ಎಂದಳು. ಅಜ್ಜಿಯ ಮನೆಯಲ್ಲಿ ನೀನು ಹೆತ್ತೆ, ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದವಳು ಅವಳು. ಅಂದಿನಿಂದ ಅವಳು ನನಗೆ ಅವ್ವ, ನೀನು ದೊಡ್ಡವ್ವ. ಆಮೇಲೆ ಅಪ್ಪು ಹುಟ್ಟಿದ. ಕಾರ್ಡು ತುಂಬಿತು. ಅವ್ವ ಹೆತ್ತದ್ದು ಒಂದೇ, ಲೆಕ್ಕಕ್ಕೆ ಎರಡು.

ಅಂಥವಳು ಈ ವರ್ಷ ಮತ್ತೆ ಬಸುರಾದಳು. ತೆಗೆಸಿಕೊಳ್ಳುವ ಮಾತನ್ನು ಅಪ್ಪ ಒಂದು ಸಲ ಎತ್ತಿದ್ದಕ್ಕೆ ಎರಡು ದಿನ ಒಲೆ ಹಚ್ಚಲಿಲ್ಲ. ಮುಚ್ಚಿಡಲು ಅವಳು ಮಾಡಿದ ಉಪಾಯ ಕೇಳಿದರೆ ನಿನಗೂ ನಗು ಬಂದೀತು. ನಮ್ಮೂರಲ್ಲಿ ಇನ್ನೂ ತಿಂಗಳಿಗೆ ಮೂರು ದಿನ ಹೆಂಗಸರು ಜಗಲಿಯಲ್ಲಿ ಹೊರಗೆ ಕೂರುತ್ತಾರೆ, ಯಾರು ಕೂತರು ಯಾರು ಕೂರಲಿಲ್ಲ ಎಂದು ದಳದವರು ಅದನ್ನೇ ನೋಡಿಕೊಂಡಿರುತ್ತೇವೆ. ಅವ್ವ ಏನೂ ಇಲ್ಲದೆ ತಿಂಗಳು ತಿಂಗಳೂ ಚಾಪೆ ತಟ್ಟೆ ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಕೂತಳು. ಹಾದುಹೋಗುವವರಿಗೆಲ್ಲ ಕೇಳುವ ಹಾಗೆ ಸೊಂಟನೋವು ಎಂದು ನರಳುವಳು. ನಾನು ದಳದ ಹುಡುಗಿ, ಟೇಪು ಕಟ್ಟಿಕೊಂಡು ಅವಳ ಮುಂದೆಯೇ ಓಡಾಡಿದೆ, ಬಾಯಿ ಬಿಡಲಿಲ್ಲ. ಅದೊಂದು ನಾನು ಮಾಡಿದ ಮರ್ಯಾದೆಯ ಕೆಲಸ.

ಸೆಪ್ಟೆಂಬರಿನಲ್ಲಿ ಅವಳು ಕೂತ ಮಾರನೆಯ ದಿನವೇ ಗೌರಿ ಹಬ್ಬ ಬಂತು. ಇನ್ನೆರಡು ದಿನ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಬೆಳಗ್ಗೆ ನೋಡಿದರೆ ಅವ್ವ ತಲೆಗೆ ನೀರು ಹಾಕಿಕೊಂಡು, ಒಳಗೆ ಬಂದು, ಮರದ ಬಾಗಿನಕ್ಕೆ ಅರಿಸಿನ ಹಚ್ಚುತ್ತಿದ್ದಾಳೆ. "ಯಾಕವ್ವ?" ಎಂದರೆ, "ಜನುಕ್ಕೆ ಸುಳ್ ಏಳ್ಬೋದು ಮಗಾ, ಗೌರವ್ವುಂಗೆ ಎಂಗ್ ಏಳಾದು? ಒಟ್ಟೇಲಿ ಕೂಸ್ ಮಡೀಕಂಡು ಮೈಲ್ಗೆ ಅಂತ ಎದ್ರುಗ್ ಕೂತ್ಕಂಡ್ರೆ ಕೂಸ್ಗೇ ಆಗಾಕಿಲ್ಲ" ಎಂದಳು. ಪಕ್ಕದ ಮನೆಯ ಪುಟ್ಟಗೌರಮ್ಮ ಬಾಗಿನ ಇಸಕೊಂಡಳು, ಕುಂಕುಮ ಇಡಿಸಿಕೊಂಡಳು, ಬಾಗಿಲಲ್ಲಿ ನಿಂತು ಬೆರಳು ಮಡಿಸಿ ದಿನ ಎಣಿಸಿದಳು. ವಾರದೊಳಗೆ ನೋಟೀಸು ಬಂತು.

ನೋಟೀಸಿನಲ್ಲಿ ಇದ್ದದ್ದು ಎರಡೇ ದಾರಿ. ಆಸ್ಪತ್ರೆಗೆ ಹೋಗುವುದು, ಇಲ್ಲವೇ ಕಾರ್ಡಿನಲ್ಲಿರುವ ಮಕ್ಕಳಲ್ಲಿ ಒಂದು ತಮ್ಮದಲ್ಲ ಎಂದು ಪಾಂಡವಪುರದ ಎಣಿಕೆ ಸಾಹೇಬರ ಮುಂದೆ ತೋರಿಸುವುದು. ಹದಿನಾರು ತುಂಬಿದ ಮಕ್ಕಳು ತಮ್ಮ ತಾಯಿ ಯಾರೆಂದು ತಾವೇ ಹೇಳಬಹುದು, ಅವರು ಹೇಳಿದ್ದೇ ಕಡೆ. ನನಗೆ ಹದಿನೇಳು. ನಾನು ನಿನ್ನ ಹೆಸರು ಹೇಳಿದರೆ ಅವ್ವನ ಕೂಸು ಉಳಿಯುತ್ತದೆ, ನಿನ್ನ ಕಾರ್ಡಿಗೆ ಮೂರಾಗುತ್ತದೆ, ದೇವರಾಜಣ್ಣನ ಕಂಡಕ್ಟರ್ ಕೆಲಸ ಹೋಗುತ್ತದೆ, ನಾನು ಹೆಚ್ಚುವರಿಯಾಗುತ್ತೇನೆ. ಅವ್ವನ ಹೆಸರು ಹೇಳಿದರೆ ಎಲ್ಲ ಇದ್ದಂತೆಯೇ ಇರುತ್ತದೆ, ಕೂಸೊಂದನ್ನು ಬಿಟ್ಟು.

ಅಪ್ಪ ಎಮ್ಮೆಯ ಮೈ ತಿಕ್ಕುತ್ತಾ, ನನ್ನ ಕಡೆ ತಿರುಗದೆ ಕೇಳಿದ: "ನಿಜ ಏಳ್ಬುಡ್ತಿಯಾ ಮಗಾ? ನಿನ್ನ ಎಲ್ಲೂ ಕಳ್ಸಾಕಿಲ್ಲ. ಎಚ್ಚುವರಿ ಅಂದ್ರೂ ನಮ್ಮನೇಲೇ ಇರು. ನನ್ ಪಾಲ್ನ ಮುದ್ದೇಲಿ ಅರ್ಧ ನಿಂದು." ಮಾರನೆಯ ದಿನ ನೀನು ಬಂದೆ. ನಮ್ಮ ಹಿತ್ತಲಲ್ಲಿ ನುಗ್ಗೆಮರದ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ನೀನು ಆಡಿದ ಮಾತು ನಿನಗೆ ನೆನಪಿರಲಿ, ಇಲ್ಲದಿರಲಿ, ನನಗಿದೆ. "ದೇವ್ರಾಜಂಗೆ ಎಣ್ ಗೊತ್ ಮಾಡೀವಿ. ಕೆಲ್ಸ ಓದ್ರೆ ಯಾರ್ ಕೊಡ್ತಾರೆ? ನಿಮ್ಮವ್ವ ಇನ್ನೂ ಕೂಸಿನ್ ಮೊಕ ನೋಡಿಲ್ಲ. ನೋಡ್ದಿರೋದ್ಕೆ ದುಃಖ ಕಮ್ಮಿ ಕಣವ್ವ." ಹಾಗಾದರೆ ನನ್ನ ಮುಖವನ್ನು ನೋಡಿ ಕೊಟ್ಟುಬಿಟ್ಟೆಯಲ್ಲ, ನಿನಗೆ ಎಷ್ಟು ದುಃಖವಾಗಿತ್ತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಅವ್ವ ಕೂಡ ನಿನ್ನನ್ನು ಕೇಳಲಿಲ್ಲ. "ಅಕ್ಕಾ, ಮುಯ್ಯಿ ಕೊಡೋ ದಿನ ಬಂತು" ಎಂದು ಒಂದು ಮಾತು ಆಡಬಹುದಿತ್ತು. ನಿನಗೆ ಬಸ್ಸಾರು ಅನ್ನ ಬಡಿಸಿ, ಕೈಗೆ ಹೂವು ಕೊಟ್ಟು, ಬಸ್ಸು ಹತ್ತಿಸಿ ಬಂದಳು.

ಆಫೀಸಿಗೆ ಹೋಗುವ ದಿನ ಮೊದಲು ನಿಮಿಷಾಂಬ ಎಂದು ಹಟ ಹಿಡಿದಳು. ಪಾಂಡವಪುರ ದಾಟಿ ಗಂಜಾಂಗೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ದೇವಿಗೆ ನಿಂಬೆಹಣ್ಣು ಕೊಟ್ಟೆವು. ಅವ್ವ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಮೆಟ್ಟಿಲ ಮೇಲೆ ಕೂತು ಪುರಿ ತಿನ್ನುವಾಗ ಕೇಳಿದೆ.

"ಕೂಸು ಉಳೀಲಿ ಅಂತ ಕೇಳ್ಕಂಡ್ಯಾ?"

"ಊಹೂಂ. ನೀನ್ ಏನ್ ಏಳುದ್ರೂ ನಂಗೆ ನಿನ್ ಮ್ಯಾಲೆ ಮುನಿಸು ಬರ್ಬಾರ್ದು ಅಂತ ಕೇಳ್ಕಂಡೆ."

ನಾನು ಪುರಿಯನ್ನು ಮೀನಿಗೆ ಎರಚಿಬಿಟ್ಟೆ.

ಪಾಂಡವಪುರದ ಆಫೀಸಿನಲ್ಲಿ ಸಾಹೇಬರು ಕೆಟ್ಟವರಾಗಿರಲಿಲ್ಲ. ಅವ್ವನಿಗೆ ಕುರ್ಚಿ ಹಾಕಿಸಿದರು. ನನ್ನ ಜಡೆಯ ಟೇಪು ನೋಡಿ, "ದಳದ ಹುಡುಗಿ, ಹೆದರಬೇಡ. ನಿನ್ನ ತಾಯಿ ಯಾರು? ಹೆಸರು ಹೇಳು, ಸಾಕು" ಎಂದರು. ಅಪ್ಪ ಟವಲನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಹೇಳುವ ಮೊದಲೇ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ.

ನಾನು ಅವ್ವನ ಕಡೆ ಕೈ ತೋರಿಸಿ, "ಇವಳೇ ನನ್ನ ಅವ್ವ. ಪುಟ್ಟತಾಯಮ್ಮ" ಎಂದೆ.

ಎಂಥ ಮಾತು ನೋಡು. ಬೇರೆ ಯಾವ ದಿನ ಆಡಿದ್ದರೂ ಅವಳು ನನ್ನ ದೃಷ್ಟಿ ತೆಗೆಯುತ್ತಿದ್ದಳು. ಅಪ್ಪ ಆಚೆ ಹೋದ. ಅವ್ವ ಮಾತ್ರ ಎದ್ದು ಬಂದು, ನನ್ನ ತಲೆ ಸವರಿ, ಬಿಚ್ಚಿಹೋಗಿದ್ದ ಟೇಪನ್ನು ಕಟ್ಟಿದಳು. ಮುಂದಿನ ವಾರ ಆಸ್ಪತ್ರೆಯ ಕೆಲಸವೂ ಆಯಿತು. ಹೆಣ್ಣುಕೂಸಂತೆ. ನರ್ಸು ಹೇಳಬಾರದಿತ್ತು, ಹೇಳಿದಳು.

ಈಗ ಅವ್ವ ಎದ್ದು ಓಡಾಡುತ್ತಾಳೆ. ನೋಡಲು ಬಂದವರಿಗೆಲ್ಲ, ಆ ಪುಟ್ಟಗೌರಮ್ಮನಿಗೂ ಸೇರಿ, ಹೇಳಿದ್ದನ್ನೇ ಹೇಳುತ್ತಾಳೆ. "ಅಷ್ಟ್ ದೊಡ್ ಸಾಯೇಬ್ರ ಎದ್ರುಗೆ ನಿಂತ್ಕಂಡು, ಇವ್ಳೇ ನಮ್ಮವ್ವ ಅಂದ್ಬುಟ್ಳು ಕಣವ್ವ ನನ್ ಮಗ್ಳು. ಎಷ್ಟ್ ಮಕ್ಳು ಅಂಗ್ ಅಂದಾರು?" ನಾನು ಎದ್ದು ಕೊಟ್ಟಿಗೆಗೆ ಹೋಗುತ್ತೇನೆ. ಅಲ್ಲಿ ಅಪ್ಪ ಇದ್ದರೆ ಅವನು ಎದ್ದು ಗದ್ದೆಗೆ ಹೋಗುತ್ತಾನೆ. ಆವತ್ತಿನಿಂದ ಅವನು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಒಂದು ಸಂಜೆ ಮಾತ್ರ ತನ್ನ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಇಟ್ಟು ಎದ್ದು ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮುದ್ದೆಯನ್ನು ಒಯ್ದು ಎಮ್ಮೆಗೆ ಹಾಕಿದೆ.

ಹಸಿರು ಸೀರೆಯನ್ನು ಬೆಟ್ಟಮ್ಮನ ಕೈಲಿ ವಾಪಸು ಕಳಿಸುತ್ತಿದ್ದೇನೆ. ನಿನ್ನ ಮಗನ ಕೆಲಸ ಉಳಿಸಿದ್ದಕ್ಕೆ ಕೊಟ್ಟೆ ಎಂದು ಗೊತ್ತು. ಕೋಪ ಮಾಡಿಕೊಂಡು ಕಳಿಸುತ್ತಿಲ್ಲ, ಉಡುವ ಯೋಗ್ಯತೆ ನನಗಿಲ್ಲ. ಚೈತ್ರಕ್ಕನಿಗೆ ಕೊಡು. ದೇವರಾಜಣ್ಣನ ಮದುವೆ ಬೇಗ ಆಗಲಿ, ಅವನ ಮನೆ ತುಂಬಲಿ. ದೊಡ್ಡಪ್ಪನ ಮಂಡಿನೋವಿಗೆ ಎಣ್ಣೆ ಬಿಸಿ ಮಾಡಿ ತಿಕ್ಕು. ನೀನು ಮುಂದಿನ ಗೌರಿ ಹಬ್ಬಕ್ಕಾದರೂ ಬಂದು ನಿನ್ನ ತಂಗಿಯ ಕೈಯಿಂದ ಬಾಗಿನ ಇಸಕೊಂಡು ಹೋಗು. ದೊಡ್ಡವಳು ನೀನು, ನನಗೆ ಆಶೀರ್ವಾದ ಮಾಡು ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಇಂತಿ,
ಪುಟ್ಟತಾಯಮ್ಮನ ಮಗಳು
ಶ್ವೇತ

ಬರೆಯದೆ ಬಿಟ್ಟಿದ್ದು: ಹಾಳೆ ಮಡಿಸಿ ಮತ್ತೆ ಬಿಚ್ಚಿದ್ದೇನೆ. ನಾನು ಆ ಮಾತು ಆಡಿದ್ದು ನಿನ್ನ ಮಗನಿಗಾಗಿ ಎಂದು ನೀನು ತಿಳಿದಿದ್ದೀಯ, ಅವ್ವನ ಮೇಲಿನ ಆಸೆಗೆ ಎಂದು ಊರು ತಿಳಿದಿದೆ. ಎರಡೂ ಅಲ್ಲ. ಪಾಂಡವಪುರಕ್ಕೆ ಹೋಗುವ ಹಿಂದಿನ ದಿನ ದಳದ ಆಫೀಸಿನ ಬೋರ್ಡಿನಲ್ಲಿ ಸೀಟು ಸಿಕ್ಕವರ ಜೊತೆ ನನ್ನ ಹೆಸರನ್ನೂ ನೋಡಿಕೊಂಡು ಬಂದಿದ್ದೆ. ಹೆಚ್ಚುವರಿಗೆ ಸೀಟು ಇಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ನಿನ್ನೆ ಅವ್ವ ನನ್ನ ಟ್ರಂಕಿಗೆ ಬಟ್ಟೆ ಜೋಡಿಸುತ್ತಾ, ತಲೆ ಎತ್ತದೆ ಹೇಳಿದಳು: "ಆಪೀಸ್ಗೆ ಓಗೋ ಇಂದ್ಲ್ ದಿನ ಎಮ್ಮೆಗೆ ಉಲ್ ಆಕ್ತಾ ಆಡ್ ಏಳ್ಕತಿದ್ಯಲ್ಲ, ಸೀಟ್ ಸಿಕ್ತು ಅಂತ ಆಗ್ಲೇ ಗೊತ್ತಾಯ್ತು ಮಗಾ. ಓಗ್ಲಿ ಬುಡು, ಓದ್ಕಂಡು ಚೆಂದಾಗಿರು. ಆದ್ರೆ ಯಾರ್ ಕೇಳುದ್ರೂ ಅವ್ವುನ್ ಮ್ಯಾಲಿನ್ ಆಸೆಗೆ ಅಂಗಂದೆ ಅಂತ್ಲೇ ಏಳು. ನಂಗೆ ಅದೊಂದಾದ್ರೂ ಉಳ್ಕಳ್ಳಿ."