ಡ್ರಮ್ಮಿನ ಎಣ್ಣೆ

ಇಳಕಲ್ಲ
೧೩ ಮೇ ೨೦೨೪, ಸೋಮವಾರ

ಪ್ರೀತಿಯ ಅಯಾನನ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಮ್. ನಿಮ್ಮ ಕೈಬೆರಳು ಈಗ ಹೇಗಿವೆ? ಚಳಿಗೆ ಒಡೆದದ್ದಕ್ಕೆ ಹಚ್ಚಲು ಕಳಿಸಿದ ಮುಲಾಮು ಮುಟ್ಟಿತೇ? ಹೊಟ್ಟೆ ತುಂಬ ಉಣ್ಣುತ್ತೀರೋ ಇಲ್ಲವೋ? ಹಿಮ ಬಿದ್ದು ನಿಮ್ಮ ಗಡಿ ಠಾಣೆಯ ಫೋನು ಕೆಟ್ಟ ಮೇಲೆ ಕಾಗದವೇ ಗತಿಯಾಗಿದೆ. ನೀವು ಅಲ್ಲಿ ಗಡಗಡ ನಡುಗುವುದು, ನಾವು ಇಲ್ಲಿ ಕಾದ ಹಂಚಿನ ಮೇಲೆ ಕೂತಂತೆ ಕೂಡುವುದು. ದೇವರು ಚಳಿಯನ್ನೂ ಬಿಸಿಲನ್ನೂ ಅರ್ಧರ್ಧ ಹಂಚಿದ್ದರೆ ಅವನ ಗಂಟೇನು ಹೋಗುತ್ತಿತ್ತೋ. ಅಯಾನನ ಮುಂದಿನ ಹಲ್ಲು ಬಿದ್ದಿದೆ. ನಿಮ್ಮ ಅಮ್ಮಿಗೆ ಕಾಲು ಸ್ವಲ್ಪ ಬಾತಿವೆ. ಅವರು ನನ್ನ ಮಗ್ಗುಲಲ್ಲೇ ಗೋಡೆಗೆ ಒರಗಿ ಕೂತು ಒಂದೊಂದು ಸಾಲನ್ನೂ ಓದಿಸಿ ಕೇಳುತ್ತಿದ್ದಾರೆ. 'ಸ್ವಲ್ಪ' ಅನ್ನುವುದನ್ನು ದಪ್ಪಗೆ ಬರೆಯಬೇಕಂತೆ.

ಮುಖ್ಯ ಸುದ್ದಿ ಎಂದರೆ ನಮ್ಮ ಕೋಳಿ ಶೆಡ್ಡು ಖಾಲಿಯಾಗಿದೆ. ಈ ಸಲದ ಬಿಸಿಲಿಗೆ ಕೋಳಿಗಳು ಮೇವು ಮುಟ್ಟದೆ ಬಾಯಿ ತೆರೆದು ತೇಕುತ್ತಿದ್ದವು. ತಿಂದ ಕಾಳು ಅರಗುವಾಗ ಅವುಗಳ ಮೈ ಇನ್ನೂ ಕಾಯುತ್ತದಂತೆ. ಎಣ್ಣೆಯಲ್ಲಿ ಆ ಕಾವು ಕಡಿಮೆ, ಕಸುವು ಹೆಚ್ಚು. ನಿಮ್ಮ ತಮ್ಮ ಅಫ್ಸರ ಇದನ್ನು ಹುನಗುಂದದ ದನದ ಡಾಕ್ಟರಿಂದಲೇ ಕೇಳಿಕೊಂಡು ಬಂದು, ಮೆಕ್ಕೆಜೋಳದ ನುಚ್ಚಿಗೂ ಸೋಯಾ ಹಿಂಡಿಗೂ ಎಣ್ಣೆ ಕಲಸತೊಡಗಿದ. ಸುಳ್ಳು ಹೇಳಬಾರದು, ಮೊದಲ ಡ್ರಮ್ಮಿಗೆ ಒಳ್ಳೆಯದೇ ಆಯಿತು. ಕೋಳಿಗಳಿಗೆ ಎದೆ ತುಂಬಿತು, ಅಫ್ಸರನಿಗೆ ಮೀಸೆ ಏರಿತು.

ನಿಮಗೆ ಅಮ್ಮಿಯ ಕಾಯಿದೆ ಗೊತ್ತೇ ಇದೆ. "ನಮ್ಮ ಬಾಯಿಗೆ ಬರದ್ದು ಮೂಕ ಜೀವಕ್ಕ ಹಾಕಬಾರದು." ಹೊಸ ಚೀಲ ಬಂದರೂ ಒಂದು ಚಿಟಿಕೆ ನಾಲಗೆಗೆ ಇಟ್ಟುಕೊಂಡ ಮೇಲೆಯೇ ಕೋಳಿಗೆ ಹಾಕಲು ಬಿಡುವವರು. ಎಣ್ಣೆಗೂ ಅದೇ ಕಾಯಿದೆ ಹಚ್ಚಿದರು. ಡ್ರಮ್ಮಿನಿಂದ ತಂಬಿಗೆ ತುಂಬಿಟ್ಟುಕೊಂಡು, ದಿನಾ ಊಟಕ್ಕೆ ಶೇಂಗಾ ಚಟ್ನಿಯ ನಡುವೆ ಕುಣಿ ಮಾಡಿ, ಅದೇ ಎಣ್ಣೆ ಸುರಿದುಕೊಂಡು ರೊಟ್ಟಿ ತಿಂದರು. ಬೇಡ ಅಂದರೆ ಕೇಳಬೇಕಲ್ಲ. ಅಯಾನ ತಾಟು ಚಾಚಿದರೆ ಮಾತ್ರ ಕೈ ತಳ್ಳುತ್ತಿದ್ದರು: ಕೂಸಿಗೆ ಈಗಲೇ ಬೇಡ, ಮೊದಲು ನಾನು ತಿಂದು ನೋಡುತ್ತೇನೆ ಎಂದು.

ಎರಡನೆಯ ಡ್ರಮ್ಮು ಬೇರೆ ಕಡೆಯದು. ವ್ಯಾನಿನಲ್ಲಿ ತಂದು ಇಳಿಸಿಹೋದವನು ಮತ್ತೆ ಈ ಹಾದಿಯಲ್ಲಿ ಕಾಣಲಿಲ್ಲ. ಆ ಎಣ್ಣೆ ಕಹಿ ಇತ್ತಂತೆ. ಮತ್ತೆ ಯಾಕೆ ತಿಂದಿರಿ ಎಂದು ಕೇಳಿದರೆ ಅಮ್ಮಿಯ ಉತ್ತರ, "ವಯಸ್ಸಾದ ನಾಲಿಗಿಗಿ ಎಲ್ಲಾ ಕಹಿನ ಇರತೈತಿ." ಕೆಲವು ದಿನಗಳಲ್ಲೇ ಕೋಳಿಗಳು ಬಾತುಕೋಳಿಯಂತೆ ಹೊಟ್ಟೆ ಎಳೆದುಕೊಂಡು ನಡೆಯತೊಡಗಿದವು. ಎತ್ತಿ ಹಿಡಿದರೆ ಒಳಗೆ ನೀರು ಕುಲುಕುತ್ತಿತ್ತು. ತೇಕುತ್ತಾ ತೇಕುತ್ತಾ ಅಂಗಾತ ಬಿದ್ದು ಸತ್ತವು. ಉಳಿದವನ್ನು ಯಾರೂ ತಿನ್ನಬಾರದು, ಮಾರಲೂ ಬಾರದು ಅಂದರು ಡಾಕ್ಟರು. ಅಫ್ಸರ ಮತ್ತು ಪಕ್ಕದ ಹೊಲದ ಹುಲ್ಲಪ್ಪ ಕಾಕಾ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಅಫ್ಸರ ಈಗ ಊಟಕ್ಕೆ ಕರೆದರೂ ಬರುವುದಿಲ್ಲ, ಖಾಲಿ ಶೆಡ್ಡಿನಲ್ಲಿ ಹೋಗಿ ಕೂಡುತ್ತಾನೆ. ನೀವು ಅವನಿಗೆ ಬೈಯಬೇಡಿ. ಹುಡುಗ ಕೆಟ್ಟದ್ದು ಬಯಸಿ ಮಾಡಿದ್ದಲ್ಲ.

ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದೆವು, ಗುಳಿಗೆ ಕೊಟ್ಟಿದ್ದಾರೆ, ಚಿಂತೆ ಬೇಡ ಎಂದು ಬರೆ ಅನ್ನುತ್ತಿದ್ದಾರೆ ಅಮ್ಮಿ. ಬರೆದೆ. ಅವರ ದುವಾ ಹಗಲಿರುಳೂ ನಿಮ್ಮ ತಲೆಯ ಮೇಲಿದೆ. ಅಫ್ಸರನ ಸಲಾಮು. ಅಯಾನ ಕಾಗದದ ಮೂಲೆಗೆ ಮುತ್ತು ಕೊಟ್ಟು ಒದ್ದೆ ಮಾಡಿದ್ದಾನೆ, ಅಲ್ಲಿ ಶಾಯಿ ಹರಡಿದ್ದು ಅದಕ್ಕೇ.

ನಿಮ್ಮ
ಫರಹಾನಾ

ತಾ.ಕ.: ಇದನ್ನು ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಮೇಲಿನದು ಅಮ್ಮಿಗೆ ಓದಿ ಹೇಳಲೆಂದು ಬರೆದದ್ದು. ಕಾಲು ಸ್ವಲ್ಪ ಅಲ್ಲ, ತೊಡೆಯವರೆಗೂ ಬಾತಿವೆ. ಒತ್ತಿದರೆ ಬೆರಳಿನ ಕುಳಿ ಹಾಗೇ ಉಳಿಯುತ್ತದೆ. ಮಲಗಿದರೆ ಉಸಿರು ಸಿಗುವುದಿಲ್ಲ, ಕೂತೇ ಇರುತ್ತಾರೆ. ಆ ಎಣ್ಣೆಯಲ್ಲಿ ಹಳದಿ ಹೂವಿನ ದತ್ತೂರಿ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತಿತ್ತಂತೆ. ದನದ ಡಾಕ್ಟರು ಸತ್ತ ಕೋಳಿಯ ಎದೆ ಕೊಯ್ದು ನೋಡಿದಾಗ ಗುಂಡಿಗೆಯ ಸುತ್ತ ನೀರು ನಿಂತಿತ್ತು. ಬಾಗಲಕೋಟೆಯ ಡಾಕ್ಟರು ಅಮ್ಮಿಯ ಎದೆಯ ಫೋಟೋ ತೆಗೆಸಿ, ನನ್ನೊಬ್ಬಳನ್ನೇ ಹೊರಗೆ ಕರೆದು ಅದೇ ಮಾತು ಹೇಳಿದರು. ಗುಂಡಿಗೆ ಸೋತಿದೆ, ಮಗನನ್ನು ಕರೆಸಿ ಅಂದರು. ಅಮ್ಮಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ. ಈಗಷ್ಟೇ ಲಕೋಟೆ ಹಿಡಿದು ಮನೆಯಿಂದ ಹೊರಬೀಳುವಾಗ ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಕೋಳಿ ಎದಿ ಕೊಯ್ದಾಗ ನಾನೂ ಅಲ್ಲೇ ನಿಂತಿದ್ದೆ, ಫರಹಾನಾ. ಮಗಗ ಬಾ ಅಂತ ಬರಿ." ನಿಮ್ಮ ಅಬ್ಬಾ ತೀರಿಕೊಂಡ ದಿನವೂ ಡ್ಯೂಟಿ ಬಿಟ್ಟು ಬರಬೇಡ ಅಂದಿದ್ದ ತಾಯಿ. ಬನ್ನಿ.