ಆಷಾಢಕ್ಕೆ ಮುಂಚೆ ಹಿಂದಿರುಗತಕ್ಕ ಸೊಸೆ

ಚಾಮರಾಜನಗರ
9ನೇ ಫೆಬ್ರವರಿ 1955, ಬುಧವಾರ

ರಂಗೂನಿನಲ್ಲಿ ತೇಗದ ದಿಮ್ಮಿಗಳಿಗೆ ಅಳತೆ ಹಿಡಿಯುತ್ತ, ಹೆತ್ತವರನ್ನು ಅಂಚೆಯ ಮೂಲಕ ಮಾತ್ರ ಪ್ರೀತಿಸುತ್ತಿರುವ ನಮ್ಮ ಮಂಟೇಸ್ವಾಮಿಗೆ ಅಪ್ಪನ ತುಂಬು ಹರಕೆ.

ಮೊದಲು ಕ್ಷೇಮದ ಮಾತು. ನಿನ್ನ ಕೆಮ್ಮು ನಿಂತಿತೇ? ನಿಂತಿಲ್ಲವಾದರೆ ಅದನ್ನು ಮುಂದಿನ ಕಾಗದದಲ್ಲಿ ಬರೆಯಬೇಡ. ಹೋದ ಸಲ ನೀನು ಒಂದು ಸಾಲು ಕೆಮ್ಮಿದ್ದಕ್ಕೆ ನಿಮ್ಮವ್ವ ಮಾದೇಶ್ವರನ ಬೆಟ್ಟಕ್ಕೆ ಹರಕೆ ಹೊತ್ತಳು. ಬೆಟ್ಟ ಹತ್ತಿದ್ದು ಮಾತ್ರ ನಾನು. ನಿನ್ನ ಹೆಂಡತಿ ಕಿನ್ನಮ್ಮ ಹೇಗಿದ್ದಾಳೆ? ಅವಳ ಬರ್ಮಾ ಹೆಸರು ಖಿನ್ ಮ್ಯಾ ಎಂದು ನೀನು ಬಿಡಿಸಿ ಬರೆದು ಕಳಿಸಿದ್ದರೂ ಈ ಬೀದಿಯಲ್ಲಿ ಅದು ಕಿನ್ನಮ್ಮ ಎಂದೇ ಸ್ಥಿರವಾಗಿದೆ, ತಿದ್ದುಪಡಿಗೆ ಅವಕಾಶವಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ತಂಗಿ ಚಿಕ್ಕನಿಂಗಮ್ಮ ಮದುವೆ ಗೊತ್ತಾದ ದಿನದಿಂದ ಮೆಲ್ಲಗೆ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ, ಒಂದು ಕೊಡ ನೀರು ಬರುವಷ್ಟರಲ್ಲಿ ಬೆಳಿಗ್ಗೆ ಮಧ್ಯಾಹ್ನವಾಗುತ್ತದೆ. ನಾನು ಎಂದಿನಂತೆ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟನ ಕುರ್ಚಿಯ ಮೇಲೆ ಕುಳಿತು, ಹೊರಡದ ಬಸ್ಸುಗಳು ಹೊರಡುತ್ತವೆಂದು ಜನರಿಗೆ ಧೈರ್ಯ ಹೇಳುತ್ತಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಕಿನ್ನಮ್ಮನಿಗೆ ಇಲ್ಲಿಗೆ ಬರಲು ವೀಸಾ ಇಲ್ಲವೆಂದು ಅಲ್ಲಿರುವ ನಮ್ಮ ದೇಶದ ಕಚೇರಿಯವರು ಹೇಳಿದರೆಂದು ನೀನು ಬರೆದ ಕಾಗದ ಬಂತು. ಓದಿ ಹೇಳುವಾಗ ನನಗೆ ಕೊಂಚ ಅಳುಕಿತ್ತು, ಸುಳ್ಳೇಕೆ ಹೇಳಲಿ. ನಿನ್ನ ಮದುವೆಯ ಸುದ್ದಿ ಬಂದ ಮೇಲೆ ನಿಮ್ಮವ್ವ ಈ ಎರಡು ವರ್ಷದಲ್ಲಿ ಸೊಸೆ ಎಂಬ ಪದವನ್ನು ಬಳಸಿದವಳಲ್ಲ. ‘ಆ ಹುಡುಗಿ’ ಎನ್ನುತ್ತಿದ್ದಳು, ಅದೂ ನಾನು ಎರಡು ಸಲ ಕೇಳಿದರೆ. ಈಗ ಸರ್ಕಾರವೇ ಬೇಡ ಎಂದಿತೆಂದು ಕೇಳಿ, ಒಳ್ಳೇದೇ ಆಯ್ತು ಅಂದುಬಿಡುತ್ತಾಳೋ ಏನೋ ಎಂದು ಕಾಗದವನ್ನು ಮೆಲ್ಲಗೆ, ಹುಷಾರಾಗಿ, ಚಳಿಗಾಲದಲ್ಲಿ ತಣ್ಣೀರು ಹುಯ್ದುಕೊಳ್ಳುವಂತೆ ಓದಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. “ನನ್ ಸೊಸೇನ ಬ್ಯಾಡ ಅನ್ನಕೆ ಅವ್ನ್ಯಾರು? ಬ್ಯಾಡ ಅನ್ನದಾದ್ರೆ ನಾನು ಅನ್ಬೇಕು. ಎರಡ್ ವರ್ಸದಿಂದ ನಾನೇ ಅಂದಿಲ್ಲ” ಅಂದಳು. ಹೀಗೆ ನಿನ್ನ ಹೆಂಡತಿ ನಮ್ಮ ಮನೆಯ ಸೊಸೆಯಾದಳು. ಮಂತ್ರ, ವಾದ್ಯ, ಊಟ ಯಾವುದರಿಂದಲೂ ಆಗದಿದ್ದ ಕೆಲಸ ಒಬ್ಬ ಆಫೀಸರನ ಒಂದು ರುಜುವಿನಿಂದ ಆಯಿತು. ಆ ಮಹಾನುಭಾವನಿಗೆ ನನ್ನ ಕಡೆಯಿಂದ ನಮಸ್ಕಾರ ತಿಳಿಸು. ಅಥವಾ ಬೇಡ, ಅರ್ಜಿ ಇನ್ನೂ ಅವನ ಮೇಜಿಗೆ ಹೋಗಬೇಕಾಗಿದೆ.

ವೀಸಾ ತಪ್ಪಿದ್ದಕ್ಕೆ ಕಾರಣ ನಾನು ಬರೆದುಕೊಟ್ಟ ಆಹ್ವಾನ ಪತ್ರ ಎಂದು ನೀನು ಬಹಳ ವಿನಯದಿಂದ ಬರೆದಿದ್ದೀಯೆ. ಮೂರು ತಿಂಗಳ ಮಟ್ಟಿಗೆ ಬಂದು ಹೋಗುವವರಿಗೆ ಕೊಡುವ ವೀಸಾ ಕೇಳಿ, ಜೊತೆಗೆ ‘ನಮ್ಮ ಮನೆಗೆ ಬಂದ ಸೊಸೆಯನ್ನು ಎಂದೆಂದಿಗೂ ಹಿಂದಕ್ಕೆ ಕಳಿಸುವ ಮಾತಿಲ್ಲ, ಅವಳ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಬಾಳಿ ಬದುಕುವರು’ ಎಂದು ಮಾವನೇ ಬರೆದುಕೊಟ್ಟರೆ ಯಾವ ಆಫೀಸರನಾದರೂ ಏನು ಮಾಡಬೇಕು ಎಂಬುದು ನಿನ್ನ ಪ್ರಶ್ನೆ. ಸರಿ. ನನ್ನದೂ ಒಂದು ಪ್ರಶ್ನೆ ಇದೆ. ನೆಂಟರನ್ನು ಕರೆಯುವಾಗಲೇ ‘ಇಂಥ ತಾರೀಖಿಗೆ ಜಾಗ ಖಾಲಿ ಮಾಡತಕ್ಕದ್ದು’ ಎಂದು ಕರೆಯುವವರು ಚಂದಕವಾಡಿಯಿಂದ ಉಮ್ಮತ್ತೂರಿನವರೆಗೆ ಯಾರಾದರೂ ಇದ್ದಾರೆಯೇ? ಹೊರಟು ನಿಂತವರ ಚೀಲ ಕಿತ್ತು ಒಳಗಿಡುವುದು, ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ‘ನಾಳಿಕ್ ಓದ್ರಾಯ್ತು ಬುಡಿ’ ಅನ್ನುವುದು, ಇದು ನಮ್ಮ ಕಡೆಯ ರೂಢಿ. ಇದರಿಂದಾಗಿ ನಮ್ಮ ಕಂಪನಿಯ ಬಸ್ಸುಗಳು ಎಷ್ಟು ತಡವಾಗುತ್ತವೆಂಬುದನ್ನು ಏಜೆಂಟನಾದ ನನಗಿಂತ ಬಲ್ಲವರಿಲ್ಲ, ಆದರೂ ರೂಢಿ ರೂಢಿಯೇ. ಹಾಗಿರುವಾಗ ಹೊಸ ಸೊಸೆಯ ವಿಚಾರದಲ್ಲಿ ಹೋಗುವ ಮಾತನ್ನು ನಾನು ಹೇಗೆ ಬರೆಯಲಿ? ಕೋರ್ಟಿನ ಮುಂದೆ ಕೂರುವ ಟೈಪಿಸ್ಟು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಎರಡು ಸಾಲು ನುಂಗಿದ್ದರೂ ಸಾಕಿತ್ತು. ಎಲ್ಲ ಅರ್ಜಿಯಲ್ಲೂ ಅರ್ಧ ನುಂಗುವ ಮನುಷ್ಯ, ನನ್ನದರಲ್ಲಿ ಮಾತ್ರ ಒಂದಕ್ಷರ ಬಿಡಲಿಲ್ಲ. ಪತ್ರ ಬಹಳ ಚೆನ್ನಾಗಿದೆ ಎಂದು ಹೊಗಳಿ ಬೇರೆ ಕಳಿಸಿದ.

ಇದು ನಮ್ಮೊಳಗಿನ ಮಾತಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸುದ್ದಿ ಗುಂಡ್ಲುಪೇಟೆಗೆ ಹೋಯಿತು. ಹೇಗೆ ಹೋಯಿತೆಂದರೆ, ನಮ್ಮ ಕಂಪನಿಯ ಬಸ್ಸಿನಲ್ಲೇ ಹೋಯಿತು. ಆ ಒಂದು ದಿನ ಅದು ಸರಿಯಾದ ಹೊತ್ತಿಗೆ ಹೊರಟಿತ್ತು. ಚಿಕ್ಕನಿಂಗಮ್ಮನನ್ನು ತಂದುಕೊಳ್ಳುವ ಮನೆಯವರಲ್ಲಿ ದೊಡ್ಡಮಾದಯ್ಯನವರೆಂದು ಹುಡುಗನ ತಾತ ಇದ್ದಾರಲ್ಲ, ಅವರು ಹೇಳಿ ಕಳಿಸಿದರು, ನಾವಿಬ್ಬರೂ ಹೋದೆವು. ಉಪಚಾರ ಚೆನ್ನಾಗಿಯೇ ಮಾಡಿದರು. ಹುರಳಿಕಾಳು ಬಸ್ಸಾರು, ಮುದ್ದೆ, ಮೇಲೆ ಮಲಬಾರಿನ ಲಾರಿಯವರು ತಂದುಕೊಟ್ಟ ನೇಂದ್ರ ಬಾಳೆಹಣ್ಣು. ಕೈ ತೊಳೆದು ಎಲೆಯಡಿಕೆ ಹಾಕಿಕೊಂಡ ಮೇಲೆ ತಾತ ಗಂಟಲು ಸರಿಮಾಡಿಕೊಂಡರು. ಮದುವೆಯಲ್ಲಿ ಹೆಣ್ಣಿನ ಅತ್ತಿಗೆ ಕಳಸ ಹಿಡಿದು ಮುಂದೆ ನಡೆಯಬೇಕಲ್ಲ, ಯಾರು ನಡೆಯುತ್ತಾರೆ ಎಂದು ಕೇಳಿದರು. ನಮ್ಮ ಸೊಸೆ ಎಂದೆ. “ಸರ್ಕಾರದವ್ರೇ ಒಪ್ಪದ ಸೊಸೇನ ನಾವೆಂಗ್ ಒಪ್ಪನ ಮರಿಮಲ್ಲಪ್ಪ? ಆ ದೇಸದಲ್ಲಿ ಮದ್ವೆ ಆಯ್ತೋ ಇಲ್ವೋ, ಯಾರ್ ಕಂಡವ್ರೆ?” ಅಂದರು.

ನೋಡು, ಅವರು ಕೆಟ್ಟ ಮನುಷ್ಯರಲ್ಲ. ಸೀಲು ಹಾಕಿದ ಕಾಗದ ‘ಇಲ್ಲ’ ಅಂದರೆ ಆ ಮದುವೆಯೇ ಇಲ್ಲವೇನೋ ಅಂತ ಅವರಿಗೆ ನಿಜವಾಗಿ ಅನುಮಾನ. ನಾನು ವೀಸಾ ಎಂದರೇನು, ಮದುವೆ ಎಂದರೇನು, ಎರಡಕ್ಕೂ ಇರುವ ಅಂತರವೇನು ಎಂದು ಭಾಷಣಕ್ಕೆ ತೊಡಗಿದ್ದೆ. ನಿಮ್ಮವ್ವ ಸೆರಗು ಸರಿಮಾಡಿಕೊಂಡು ನನ್ನ ಭಾಷಣವನ್ನು ಅಲ್ಲಿಗೇ ಮುಗಿಸಿದಳು. “ಕಳಸ ಇಡಿಯಕೆ ನನ್ ಸೊಸೆ ಬತ್ತಾಳೆ ಕಣಣ್ಣ. ನಿಮ್ ಕಡೆಯೋರು ಕಣ್ತುಂಬ ನೋಡ್ಕಳಿ, ಆಮೇಕೆ ಮಾತಾಡೀರಂತೆ.” ತಾತ ಆಯ್ತು ಅಂದರು. ಹಾಗಾಗಿ ಮಗನೇ, ವೈಶಾಖದಲ್ಲಿ ಕಿನ್ನಮ್ಮ ಇಲ್ಲಿ ಇರಲೇಬೇಕು. ಇಲ್ಲದಿದ್ದರೆ ಚಿಕ್ಕನಿಂಗಮ್ಮನ ಮದುವೆಯೇನೂ ನಿಲ್ಲುವುದಿಲ್ಲ, ಆದರೆ ನಿನ್ನ ಮದುವೆ ಈ ಎರಡು ತಾಲ್ಲೂಕುಗಳಲ್ಲಿ ನಡೆಯದೆ ಉಳಿದುಹೋಗುತ್ತದೆ. ಎಲ್ಲ ನೆಂಟರ ಕಣ್ಣಮುಂದೆ ಅವಳನ್ನು ಮನೆ ತುಂಬಿಸಿಕೊಳ್ಳಬೇಕೆಂಬುದು ನಿಮ್ಮವ್ವನ ಈಗಿನ ಒಂದೇ ಹಟ.

ಗುಂಡ್ಲುಪೇಟೆಯಿಂದ ಬಂದ ಮಾರನೆಯ ದಿನವೇ ವಕೀಲ ಗುರುಸಿದ್ದಯ್ಯನವರ ಬಳಿ ಹೋದೆ. ಅವರು ನನ್ನ ಮೊದಲ ಪತ್ರದ ನಕಲನ್ನು ಓದಿ, ಹೊರಗೆ ಹೋಗಿ ಒಂದು ಸುತ್ತು ನಕ್ಕು ಬಂದು ಕುಳಿತರು. ಆಮೇಲೆ ಹೇಳಿದರು: ಮತ್ತೆ ಅರ್ಜಿ ಹಾಕಬಹುದು, ಆದರೆ ಹಿಂದೆ ಇಲ್ಲವೆಂದಿದ್ದನ್ನು ಮುಚ್ಚಿಡಬಾರದು, ಯಾಕೆ ಇಲ್ಲವೆಂದರೋ ಅದಕ್ಕೆ ನೇರವಾಗಿ ಉತ್ತರ ಕೊಡಬೇಕು, ಸೊಸೆ ಹಿಂದಿರುಗುತ್ತಾಳೆಂದು ಮಾವ ಒಬ್ಬನೇ ಬರೆದರೆ ಈಗ ಯಾರೂ ನಂಬುವುದಿಲ್ಲ, ಅತ್ತೆಯೂ ಹೆಬ್ಬೆಟ್ಟು ಒತ್ತಬೇಕು. ಹೀಗೆಂದು, ಅವಧಿ ಮುಗಿದ ಕೂಡಲೇ ಸದರಿ ಸೊಸೆಯನ್ನು ಹಿಂದಕ್ಕೆ ಕಳಿಸುತ್ತೇವೆಂದು ಚೊಕ್ಕಟವಾಗಿ ಬರೆದುಕೊಟ್ಟರು. ನಾನು ಹೆಮ್ಮೆಯಿಂದ ಮನೆಗೆ ತಂದು ಓದಿದೆ. ನಿಮ್ಮವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡುಬಿಟ್ಟಳು. “ಇನ್ನೂ ಕಾಲೇ ಮಡಗಿಲ್ಲ, ಆಗ್ಲೇ ಓಗು ಅಂತ ಬರ್ಸ್ಕಂಡ್ ಬಂದಿದ್ದೀರಲ್ಲ. ಓಗು ಅಂದ ಮನೆಗೆ ಯಾವ್ ಹೆಣ್ಣು ಬಂದಾಳು? ನಾನು ಎಬ್ಬೆಟ್ಟು ಒತ್ತಲ್ಲ.” ನಾನು ಕಾನೂನು ಹೇಳಿದೆ. ಬೇಡಿಕೊಂಡೆ. ಕೊನೆಗೆ, ಇದು ಬರೀ ಕಾಗದದ ಮಾತು ಕಣೇ ಅಂದೆ. ಬರೀ ಕಾಗದದ ಮಾತಾದರೆ ಗುಂಡ್ಲುಪೇಟೆಯಲ್ಲಿ ನಮ್ಮ ಮಾನ ಯಾಕೆ ಹೋಗುತ್ತಿತ್ತು ಎಂದು ಕೇಳಿದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ, ಏನೂ ತಪ್ಪು ಮಾಡದ ಒಬ್ಬ ಕಂಡಕ್ಟರನನ್ನು ಬೈದು ಬಂದೆ.

ನಾಲ್ಕಾರು ದಿನ ಹೀಗೇ ನಡೆಯಿತು. ವಕೀಲರು ದಿನವೂ ಏನಾಯಿತೆಂದು ಕೇಳುವರು, ನಾನು ದಿನವೂ ಮುಹೂರ್ತ ನೋಡುತ್ತಿದ್ದೇವೆ ಎನ್ನುವೆ. ಹೋದ ಸೋಮವಾರ ಊಟಕ್ಕೆ ಕೂತಾಗ ನನಗೂ ರೇಗಿತು. ನೀನು ಅವಳನ್ನು ಕಳಿಸುವುದಿಲ್ಲ ಎಂದು ಕೂತರೆ ವೀಸಾ ಕಚೇರಿಯವರು ಅವಳನ್ನು ಒಳಗೆ ಬಿಡುವುದಿಲ್ಲ ಎಂದು ಕೂರುತ್ತಾರೆ, ಇಬ್ಬರೂ ಕೂತೇ ಇರಿ ಅಂದೆ. ನಿಮ್ಮವ್ವನಿಗೆ ನಿಜವಾಗಿ ಆಶ್ಚರ್ಯವಾಯಿತು. “ಕಳ್ಸಲ್ಲ ಅಂದ್ರೆ ಆಸಾಡ್ದಲ್ಲೂ ಮಡೀಕತೀನಾ? ಮೊದಲ್ನೇ ಆಸಾಡ್ದಲ್ಲಿ ಸೊಸೇನ ತವರಿಗೆ ಕಳಿಸ್ದೆ ಇದ್ರೆ ಊರೋರು ಏನಂದಾರು?” ಅಂದಳು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವರಿಗೆ ಮದುವೆಯಾಗಿ ಎರಡು ವರ್ಷವಾಯಿತಲ್ಲೇ ಅಂದೆ. ಲೆಕ್ಕ ಮದುವೆಯಾದ ದಿನದಿಂದ ಅಲ್ಲವಂತೆ, ಮನೆ ತುಂಬಿಸಿಕೊಂಡ ದಿನದಿಂದಂತೆ. ಅತ್ತೆ ಸೊಸೆ ಒಂದೇ ಸೂರಿನಡಿ ಆ ತಿಂಗಳು ಇರಕೂಡದೆಂಬುದು ಅವಳ ಅತ್ತೆಯ ಅತ್ತೆ ಕಾಲದಿಂದ ಬಂದ ಕಟ್ಟಳೆ. ತವರಿಗೆ ಕಳಿಸುವುದು ಬೇರೆ, ಹೋಗು ಅನ್ನುವುದು ಬೇರೆ. ಇಷ್ಟೂ ತಿಳಿಯದೆ ಬಸ್ಸುಗಳನ್ನು ಹೇಗೆ ಕಳಿಸುತ್ತೀರಿ ಎಂದು ನನ್ನನ್ನೇ ಕೇಳಿದಳು.

ಕೈ ತೊಳೆದವನೇ ವಕೀಲರ ಮನೆಗೆ ಓಡಿದೆ. ಇದು ನನಗೆ ಹೊಳೆದದ್ದು ಎಂದು ಅವರಿಗೆ ಹೇಳಿದ್ದೇನೆ, ನಿಮ್ಮವ್ವನ ಎದುರಿಗೆ ನೀನು ಆ ವಿಷಯ ಎತ್ತಬೇಡ. ಗುರುಸಿದ್ದಯ್ಯನವರು ಪಂಚಾಂಗ ತೆಗೆದು ನೋಡಿದರು. ಆಷಾಢ ಹುಟ್ಟುವುದು ಜೂನ್ ಇಪ್ಪತ್ತರ ಅಮಾವಾಸ್ಯೆ ಕಳೆದ ಮೇಲೆ. ಯುಗಾದಿಗೆ ಬಂದರೆ ಮೂರು ತಿಂಗಳೊಳಗೇ ಹೊರಟ ಹಾಗಾಗುತ್ತದೆ. ಅವರು ಹಳೆಯ ಕಾಗದ ಹರಿದು ಹೊಸದು ಬರೆದರು: “ನಮ್ಮ ಕುಲಾಚಾರದಂತೆ ಮನೆ ತುಂಬಿದ ಮೊದಲ ಆಷಾಢದಲ್ಲಿ ಸೊಸೆಯು ಅತ್ತೆಯೊಡನೆ ವಾಸಿಸಕೂಡದಾದ ಕಾರಣ, ಸದರಿ ಸೊಸೆಯನ್ನು ಜೂನ್ ಅಮಾವಾಸ್ಯೆಯೊಳಗೆ ರಂಗೂನಿನಲ್ಲಿರುವ ಅವಳ ತಾಯಿಯ ಮನೆಗೆ ತಪ್ಪದೆ ತಲುಪಿಸತಕ್ಕದ್ದು. ತಪ್ಪಿದಲ್ಲಿ ನೆಂಟರಿಷ್ಟರ ನಿಂದೆಗೆ ಗುರಿಯಾಗತಕ್ಕವರು ನಾವೇ.” ಸರ್ಕಾರದ ಭಯಕ್ಕೆ ಜನ ಹಿಂದಿರುಗದೆ ಇರಬಹುದು, ನೆಂಟರ ಭಯಕ್ಕೆ ಹಿಂದಿರುಗದವರನ್ನು ತಾವು ಕಂಡಿಲ್ಲ ಎಂದರು ವಕೀಲರು. ನಿಮ್ಮವ್ವನಿಗೆ ಓದಿ ಹೇಳಿದೆ. ತಲೆಯಾಡಿಸುತ್ತ ಕೇಳಿ, ಈಗ ಸರಿಯಾಯಿತು ಎಂದು ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಒತ್ತಿದಳು, ಗಟ್ಟಿಯಾಗಿ, ಹಿಂದಿನ ಹಾಳೆಗೂ ಇಳಿಯುವಂತೆ.

ಆ ಕಾಗದ, ಅದರ ಇಂಗ್ಲಿಷು, ಎರಡನ್ನೂ ಇದರೊಡನೆ ಇಟ್ಟಿದ್ದೇನೆ. ನೀನು ಮಾಡಬೇಕಾದ್ದು ಇಷ್ಟು. ನಿನ್ನ ಕಂಪನಿಯಿಂದ ರಜೆಯ ಕಾಗದ ತೆಗೆಸು, ಜೂನ್ ಮುಗಿಯುವುದರೊಳಗೆ ನೀನು ಕೆಲಸಕ್ಕೆ ಹಾಜರಾಗಬೇಕೆಂದು ಅದರಲ್ಲಿ ಇರಲಿ. ಹಡಗಿನಲ್ಲಿ ಮದ್ರಾಸಿಗೆ ಬರುವುದಕ್ಕೂ ಹೋಗುವುದಕ್ಕೂ ಒಟ್ಟಿಗೇ ಜಾಗ ಹಿಡಿ. ಬೀಗಿತ್ತಿಯವರು ನಮ್ಮ ಮಗಳನ್ನು ಇಂಥ ತಿಂಗಳಿಗೆ ಕಳಿಸಿಕೊಡಿ ಎಂದು ಕೇಳಿ ಒಂದು ಕಾಗದ ಬರೆಯಲಿ. ತವರಿನವರು ಕೇಳದೆ ಕಳಿಸುವುದು ಚೆನ್ನಾಗಿರುವುದಿಲ್ಲ. ಅವರಿಗೆ ಆಷಾಢ ಎಂದರೆ ಅರ್ಥವಾಗದೇನೋ ಎಂದು ಯೋಚಿಸಬೇಡ. ಬರ್ಮಾದಲ್ಲಿಯೂ ಹೆಚ್ಚುಕಡಮೆ ಆ ಕಾಲಕ್ಕೇ ಮದುವೆ ಮುಂಜಿ ನಿಲ್ಲಿಸಿ ವ್ರತ ಹಿಡಿಯುತ್ತಾರೆಂದು ನೀನೇ ಬರೆದಿದ್ದೆ. ನಿಮ್ಮವ್ವನಿಗೆ ಅದನ್ನು ಹೇಳಿದಾಗಿನಿಂದ, ಒಳ್ಳೇ ಮನೆತನದಲ್ಲೇ ಹೆಣ್ಣು ತಂದಿದ್ದೇವೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ, ತಾನೇ ಹೋಗಿ ನೋಡಿ ಗೊತ್ತು ಮಾಡಿದವಳ ಹಾಗೆ.

ಈ ಸಲ ವೀಸಾ ಸಿಕ್ಕೇ ಸಿಗುತ್ತದೆ. ನನಗೆ ಅನುಮಾನವಿಲ್ಲ. ಮೈಸೂರಿನಿಂದ ಬರುವ ರೈಲಿಗೆ ನಾನೇ ಸ್ಟೇಷನ್ನಿಗೆ ಬರುತ್ತೇನೆ. ಮದುವೆ ಮುಗಿದ ಮೇಲೆ ಕಿನ್ನಮ್ಮನಿಗೆ ಬಂಡೀಪುರದ ಆನೆಗಳನ್ನು ತೋರಿಸೋಣ, ಅವಳ ದೇಶದ ಆನೆಗಳು ಮರ ಎಳೆದು ದುಡಿಯುತ್ತವಂತೆ, ನಮ್ಮವು ಬಸ್ಸು ಅಡ್ಡಗಟ್ಟುವುದನ್ನು ಬಿಟ್ಟು ಬೇರೆ ಕೆಲಸ ಕಲಿತಿಲ್ಲ. ಗುಂಡ್ಲುಪೇಟೆಯ ತಾತನನ್ನು ಕಳಸದ ಪಕ್ಕದಲ್ಲೇ ನಿಲ್ಲಿಸುವ ಏರ್ಪಾಡು ಮಾಡುತ್ತೇನೆ. ನೀವಿಬ್ಬರೂ ಬಿಸಿಲಿನಲ್ಲಿ ತಿರುಗಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಅಲ್ಲಿನ ಬೀಗರಿಗೆ ನಮ್ಮ ನಮಸ್ಕಾರ ತಿಳಿಸಿ. ಮಾದಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಮರಿಮಲ್ಲಪ್ಪ

ಮರೆತ ಮಾತು: ಟಪಾಲಿಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಲು ಒಂದು ಅಗುಳು ಅನ್ನ ಕೇಳೋಣವೆಂದು ಒಳಗೆ ಹೋದರೆ ನಿಮ್ಮವ್ವ ನನ್ನ ಕೈಗೆ ಒಂದು ಫೋಟೋ ಕೊಟ್ಟಳು. ಅವಳದೇ. ಪಟ ತೆಗೆಸಿದರೆ ಆಯುಸ್ಸು ಕಡಮೆಯೆಂದು ಹೆಣ್ಣು ನೋಡುವ ಕಾಲದಿಂದ ಇಲ್ಲಿಯವರೆಗೂ ಕ್ಯಾಮೆರಾದ ಎದುರಿಗೆ ನಿಲ್ಲದವಳು, ಪಕ್ಕದ ಮನೆ ರಾಚಮ್ಮನನ್ನು ಜೊತೆಗೆ ಕರೆದುಕೊಂಡು ನನಗೆ ಹೇಳದೆ ಸ್ಟುಡಿಯೋಗೆ ಹೋಗಿ ಕೂತು ಬಂದಿದ್ದಾಳೆ. ಕಣ್ಣು ಮಿಟುಕಿಸಿಲ್ಲ. ಪಾಸ್‌ಪೋರ್ಟಿಗಂತೆ. “ಇನ್ನೊಂದ್ ದಪ ಬ್ಯಾಡ ಅಂದ್ರೆ ಮದ್ವೆ ಮುಗುಸ್ಕಂಡು ನಾವೇ ಓಗನ. ಅಲ್ಲೇ ಮನೆ ತುಂಬುಸ್ಕತೀನಿ” ಎಂದು ಹೇಳಿ ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಒದೆಯುವ ಸೇರನ್ನೂ ಅಕ್ಕಿಯನ್ನೂ ಇಲ್ಲಿಂದಲೇ ತರುತ್ತಾಳಂತೆ. ಅವಳಿಗೆ ಇರುವ ಚಿಂತೆ ಒಂದೇ: ಅಲ್ಲಿಯ ಮನೆಗಳು ಕಂಬದ ಮೇಲೆ ನಿಂತಿರುತ್ತವೆಂದು ಯಾರೋ ಹೇಳಿದ್ದಾರೆ. ನಿಮ್ಮ ಮನೆಗೆ ಹೊಸಿಲು ಉಂಟೋ ಇಲ್ಲವೋ, ಮರುಟಪಾಲಿಗೆ ತಿಳಿಸು.